ಕಾರ್ಡಿನ ಒಳಪುಟ ಯಾರದು?

ಪ್ರೀತಿಯನ್ನು ಮಾರಬಹುದೇ ಎಂದು ಯಾರನ್ನಾದರೂ ಕೇಳಿ ನೋಡಿ. 'ಛೆ, ಅದೆಲ್ಲಾದರೂ ಉಂಟೇ!' ಎನ್ನುತ್ತಾರೆ. ಅದೇ ಜನ 'ಪ್ರೀತಿಯ ಅಮ್ಮನಿಗೆ' ಎಂದು ಬರೆದ ಕಾರ್ಡನ್ನು 60 ರೂಪಾಯಿ ಕೊಟ್ಟು ತರುತ್ತಾರೆ. ಅಮ್ಮ ಅದನ್ನು ಕಪಾಟಿನಲ್ಲಿ ಸೀರೆಗಳ ಅಡಿಗೆ ವರ್ಷಗಟ್ಟಲೆ ಜೋಪಾನ ಮಾಡುತ್ತಾಳೆ. ಕಾರ್ಡು ಮಾಡಿದವಳು ಆ ಅಮ್ಮನನ್ನು ಕಂಡವಳಲ್ಲ. ಅಮ್ಮನಿಗೆ ಕೊಟ್ಟ ಮಗಳು ಆ ಅಕ್ಷರ ಬರೆದವಳಲ್ಲ. ಹಾಗಾದರೆ ಅಲ್ಲಿ ಮಾರಾಟವಾದದ್ದು ಏನು, ಕೊಡುಗೆಯಾದದ್ದು ಏನು?

ಕುಮಟಾ, ಹೊನ್ನಾವರ, ಭಟ್ಕಳ ಈ ಮೂರೂ ಊರುಗಳು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಒಂದರ ಕೆಳಗೊಂದು ಪೋಣಿಸಿಟ್ಟ ಹಾಗಿವೆ. ಮಳೆಗಾಲ ಕಳೆದು ನೆಲ ಒಣಗಿತೆಂದರೆ ಇಲ್ಲಿ ಜಾತ್ರೆ, ಉತ್ಸವ, ಶಾಲೆ-ಕಾಲೇಜುಗಳ ವಾರ್ಷಿಕೋತ್ಸವ, ಸ್ವಸಹಾಯ ಸಂಘಗಳ ಮಾರಾಟ ಮೇಳ ಒಂದರ ಹಿಂದೊಂದು ಬರುತ್ತವೆ. ಉಪ್ಪಿನಕಾಯಿ, ಹಪ್ಪಳ, ಜೋನಿಬೆಲ್ಲ, ಬುಟ್ಟಿ, ಕಸೂತಿಗಳ ನಡುವೆ ಈಗೀಗ ಇನ್ನೊಂದು ಮೇಜೂ ಕಾಣುತ್ತದೆ. ಕೈಯಲ್ಲೇ ಮಾಡಿದ ಶುಭಾಶಯ ಪತ್ರಗಳ ಮೇಜು. ಒಣಗಿಸಿದ ಹೂವು ಅಂಟಿಸಿದ್ದು, ಬಣ್ಣದ ಕಾಗದದ ಸುರುಳಿಗಳಿಂದ ನವಿಲು ಮಾಡಿದ್ದು, ಬಾಳೆನಾರು ಹೆಣೆದದ್ದು, ಬರೀ ಪೆನ್ನಿನಲ್ಲಿ ದೋಣಿ ಮತ್ತು ತೆಂಗಿನಮರ ಬಿಡಿಸಿದ್ದು. ಹಿಂದೆ ಕುಳಿತವಳು ಹೆಚ್ಚಾಗಿ ಕಾಲೇಜು ಹುಡುಗಿ, ಇಲ್ಲವೇ ಮದುವೆಯಾಗಿ ಮನೆಯಲ್ಲಿರುವ ಹೆಂಗಸು. ಉಪ್ಪಿನಕಾಯಿಯ ಮೇಜಿನಲ್ಲಿ ಏಳದ ಪ್ರಶ್ನೆಗಳು ಈ ಮೇಜಿನಲ್ಲಿ ಏಳುತ್ತವೆ. ಉಪ್ಪಿನಕಾಯಿ ತಿನ್ನುವ ವಸ್ತು. ಇದು ಒಬ್ಬರ ಮನಸ್ಸನ್ನು ಇನ್ನೊಬ್ಬರಿಗೆ ಮುಟ್ಟಿಸುವ ವಸ್ತು. ಅದನ್ನು ಮಾರಾಟಕ್ಕೆ ಹರಡುವಾಗ ನಾವು ನಿಜಕ್ಕೂ ಏನನ್ನು ಹರಡುತ್ತಿದ್ದೇವೆ?

*

ಮೊದಲು ಮೇಜನ್ನೇ ನೋಡೋಣ. ಕರಾವಳಿಯ ಗಾಳಿಗೆ ಉಪ್ಪೂ ಉಂಟು, ತೇವವೂ ಉಂಟು. ಬೆಳಿಗ್ಗೆ ಸೆಟೆದು ನಿಂತ ಕಾರ್ಡು ಮಧ್ಯಾಹ್ನಕ್ಕೆ ಒಣಗಿದ ಎಲೆಯ ಹಾಗೆ ಸುರುಟಿಕೊಳ್ಳುತ್ತದೆ. ಫ್ಯಾನು ಹಾಕಿದರೆ ಹಾರುತ್ತದೆ, ಹಾಕದಿದ್ದರೆ ನೋಡುವವರ ಬೆವರಿದ ಬೆರಳು ಅಚ್ಚೊತ್ತುತ್ತದೆ. ಹಾಗಾಗಿ ಮಾರುವವಳು ಒಂದೊಂದು ಕಾರ್ಡನ್ನೂ ಪ್ಲಾಸ್ಟಿಕ್ ಕವರಿಗೆ ಹಾಕುತ್ತಾಳೆ. ಅಲ್ಲಿಗೆ ಕಾರ್ಡು ಉಳಿಯಿತು. ಆದರೆ ಕೊಳ್ಳುವವರು ಅದನ್ನು ತೆರೆಯಲಾರರು, ಕಾಗದದ ದಪ್ಪ ಮುಟ್ಟಿ ತಿಳಿಯಲಾರರು, ಒಳಗೇನಿದೆ ಎಂದು ನೋಡಲಾರರು. 'ಕೈಯಿಂದ ಮಾಡಿದ್ದು' ಎಂಬ ಚೀಟಿ ಮೇಲಿದೆ. ಕೈಗೆ ಮಾತ್ರ ಅದು ಸಿಗುವುದಿಲ್ಲ.

ಕೆಲವರು ಇದಕ್ಕೊಂದು ಉಪಾಯ ಮಾಡುತ್ತಾರೆ. ಪ್ರತಿ ಬಗೆಯದರಲ್ಲೂ ಒಂದನ್ನು ಮಾದರಿಯೆಂದು ತೆರೆದಿಡುವುದು, ಉಳಿದದ್ದನ್ನು ಕವರಿನಲ್ಲಿ ಕೊಡುವುದು. ಅಚ್ಚಿನ ಕಾರ್ಡಾದರೆ ಇದು ಸರಿ, ಮಾದರಿಯೂ ಮಾಲೂ ಒಂದೇ. ಕೈ ಕೆಲಸದಲ್ಲಿ ಹಾಗಲ್ಲ. ಮಾದರಿಯ ನವಿಲಿನ ಕೊರಳು ಬಾಗಿದಷ್ಟು ಕವರಿನೊಳಗಿನ ನವಿಲಿನದು ಬಾಗಿರುವುದಿಲ್ಲ. ಹಾಗೆ ಬೇರೆ ಬೇರೆಯಾಗಿರುವುದಕ್ಕೇ ಅಲ್ಲವೇ ನಾವು ಹೆಚ್ಚಿನ ಬೆಲೆ ಕೊಡುವುದು? ಆದರೂ ಕೊಂಡು ಹೋದವರು ಮನೆಯಲ್ಲಿ ತೆರೆದು, 'ಅಲ್ಲಿ ನೋಡಿದ್ದು ಇದಲ್ಲ' ಎಂದು ಮುಖ ಸಣ್ಣ ಮಾಡುತ್ತಾರೆ.

ಇನ್ನೊಂದು ಮಾತು ಆ ಮೇಜಿನ ಮುಂದೆ ಕೇಳುತ್ತಲೇ ಇರುತ್ತದೆ. 'ಅಕ್ಕಾ, ಇದೇ ತರದ್ದು ಹತ್ತು ಕೊಡಿ.' ಮೊದಲನೆಯ ನವಿಲನ್ನು ಅವಳು ಮನಸ್ಸಿಟ್ಟು ಮಾಡಿದ್ದಳು. ಹತ್ತನೆಯದನ್ನು ಮಾಡುವಾಗ ಕೈ ತಾನೇ ತಾನಾಗಿ ಓಡುತ್ತದೆ, ಮನಸ್ಸು ಅಡಿಗೆಮನೆಯ ಕುಕ್ಕರಿನ ಸೀಟಿ ಎಣಿಸುತ್ತಿರುತ್ತದೆ. ಹತ್ತೂ ಕೈಯಿಂದಲೇ ಆದವು, ಸುಳ್ಳಿಲ್ಲ. ಆದರೆ ಕೊಳ್ಳುವವರು 'ಕೈಯಿಂದ ಮಾಡಿದ್ದು' ಎಂಬುದನ್ನು 'ಮನಸ್ಸಿನಿಂದ ಮಾಡಿದ್ದು' ಎಂದು ಓದಿಕೊಂಡಿದ್ದರೆ ಆ ಓದಿಗೆ ಅವಳು ಜವಾಬ್ದಾರಳೇ?

ನನಗನಿಸುವಂತೆ ಅಲ್ಲ. ಯಾಕೆಂದರೆ ಮನಸ್ಸು ಅವಳ ಮಾರಾಟದ ಸರಕಲ್ಲ. ಇದು ತಿಳಿಯಲು ಈ ಕಾರ್ಡು ಎಂಬ ವಸ್ತು ಹುಟ್ಟಿದ ಬಗೆಯನ್ನು ಸ್ವಲ್ಪ ನೋಡಬೇಕು.

*

ಬ್ರಿಟನ್ನಿನಲ್ಲಿ 1840ರಲ್ಲಿ ಒಂದು ಪೆನ್ನಿಗೆ ದೇಶದ ಯಾವ ಮೂಲೆಗಾದರೂ ಪತ್ರ ಕಳಿಸುವ ಅಂಚೆ ವ್ಯವಸ್ಥೆ ಬಂತು. ಪತ್ರಗಳು ಹೆಚ್ಚಿದವು. ಬಂದ ಪತ್ರಕ್ಕೆ ಉತ್ತರಿಸದಿರುವುದು ಮರ್ಯಾದೆಯಲ್ಲ. ಹೆನ್ರಿ ಕೋಲ್ ಎಂಬ ಅಧಿಕಾರಿಗೆ ಕ್ರಿಸ್‌ಮಸ್ ಹೊತ್ತಿಗೆ ಅಷ್ಟು ಜನರಿಗೆ ಬರೆಯುವ ಪುರುಸೊತ್ತು ಇರಲಿಲ್ಲ. 1843ರಲ್ಲಿ ಅವನು ಜಾನ್ ಕಾಲ್ಕಾಟ್ ಹಾರ್ಸ್‌ಲಿ ಎಂಬ ಚಿತ್ರಕಾರನಿಂದ ಒಂದು ಚಿತ್ರ ಬರೆಸಿದ. ಸಾವಿರ ಪ್ರತಿ ಅಚ್ಚಾಯಿತು, ತನಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದು ಒಂದು ಶಿಲ್ಲಿಂಗಿಗೆ ಒಂದರಂತೆ ಮಾರಾಟಕ್ಕೆ ಬಂತು. ವ್ಯಾಪಾರಕ್ಕೆ ಬಂದ ಮೊದಲ ಕ್ರಿಸ್‌ಮಸ್ ಕಾರ್ಡು ಅದೆನ್ನುತ್ತಾರೆ. ಅದರಲ್ಲಿ ಗೆರೆಗಳಷ್ಟೇ ಅಚ್ಚಿನವು. ಬಣ್ಣ ತುಂಬಿದ್ದು ಕೈಯಿಂದ. ಪ್ರತಿಯೊಂದಕ್ಕೂ ಯಾರೋ ಕೂತು ಕುಂಚ ಆಡಿಸಿದ್ದರು.

ಇದರಲ್ಲಿ ಎರಡು ವಿಷಯ ಗಮನಿಸಿ. ಒಂದು, ಶುಭಾಶಯದ ಕಾರ್ಡು ಹುಟ್ಟಿದ್ದೇ ಸಮಯ ಉಳಿಸಲಿಕ್ಕೆ. ಬರೆಯುವ ಶ್ರಮವನ್ನು ತಪ್ಪಿಸಿಕೊಳ್ಳುವ ಸಭ್ಯ ದಾರಿಯಾಗಿ ಅದು ಬಂತು. ಎರಡು, ಕಳಿಸುವವನ ಸಮಯ ಉಳಿದದ್ದು ಬಣ್ಣ ತುಂಬಿದವರ ಸಮಯದ ಮೇಲೆ. ಅವರ ಹೆಸರು ಕಾರ್ಡಿನಲ್ಲಿ ಇರಲಿಲ್ಲ.

ಮುಂದೆ ಅಚ್ಚು ಬೆಳೆಯಿತು, ಬಣ್ಣವೂ ಯಂತ್ರದ್ದೇ ಆಯಿತು, ಕಾರ್ಡು ಅಗ್ಗವಾಯಿತು. ಇದನ್ನು ಹಾಳಾಯಿತೆಂದು ಹಳಿಯಬೇಕಿಲ್ಲ. ಅಗ್ಗವಾದದ್ದರಿಂದಲೇ ಬಡ ಮನೆಯ ಹುಡುಗನೂ ಹೊಸ ವರ್ಷಕ್ಕೆ ಗೆಳೆಯನಿಗೊಂದು ಕಾರ್ಡು ಕಳಿಸುವಂತಾಯಿತು. ಭಟ್ಕಳದ ಎಷ್ಟೋ ಮನೆಗಳ ಗಂಡಸರು ಕೊಲ್ಲಿ ದೇಶಗಳಲ್ಲಿ ದುಡಿಯುತ್ತಾರೆ. ಹಾಗೆ ದೂರವಿದ್ದವರಿಗೆ ಹಬ್ಬದ ದಿನ ಒಂದು ಅಚ್ಚಿನ ಈದ್ ಕಾರ್ಡು ಎಷ್ಟು ದೊಡ್ಡದು ಎಂಬುದನ್ನು ದೂರ ಇದ್ದವರೇ ಬಲ್ಲರು. ಆಮೇಲೆ ಮೊಬೈಲು ಬಂತು. ಈಗ ಶುಭಾಶಯಕ್ಕೆ ಕಾಸೂ ಬೇಡ, ಕ್ಷಣವೂ ಬೇಡ. ಯಾರೋ ಕಳಿಸಿದ್ದನ್ನು ಇನ್ಯಾರಿಗೋ ದಾಟಿಸಿದರೆ ಆಯಿತು.

ಕೈಯಿಂದ ಮಾಡಿದ ಕಾರ್ಡು ಮರಳಿ ಬಂದಿರುವುದು ಈ ಹೊತ್ತಿನಲ್ಲಿ. ಹೆನ್ರಿ ಕೋಲನ ಕಾರ್ಡು ಸಮಯ ಉಳಿಸಿದ್ದಕ್ಕೆ ಮಾರಾಟವಾಯಿತು. ಹೊನ್ನಾವರದ ಮೇಳದ ಕಾರ್ಡು ಸಮಯ ಖರ್ಚಾದದ್ದಕ್ಕೆ ಮಾರಾಟವಾಗುತ್ತದೆ. 'ಇದಕ್ಕೆ ಒಬ್ಬರು ಒಂದೂವರೆ ಗಂಟೆ ಕೂತಿದ್ದಾರೆ' ಎಂಬುದೇ ಅದರ ಬೆಲೆಯ ಕಾರಣ. ಹಾಗಾದರೆ ಅಲ್ಲಿ ಮಾರುತ್ತಿರುವುದು ಪ್ರೀತಿಯಲ್ಲ, ಸಮಯ. ಒಬ್ಬ ಹೆಣ್ಣುಮಗಳ ಬದುಕಿನ ಒಂದೂವರೆ ಗಂಟೆ.

*

ಸಮಯವನ್ನು ಮಾರುವುದು ತಪ್ಪೇ? ನಮ್ಮ ಕಡೆಯ ಬದುಕು ಇದಕ್ಕೆ ಎಂದೋ ಉತ್ತರ ಕೊಟ್ಟಿದೆ. ಕುಮಟಾ, ಹೊನ್ನಾವರ, ಘಟ್ಟದ ಮೇಲಿನ ಶಿರಸಿ, ಸಾಗರ, ಸೊರಬಗಳ ಗುಡಿಗಾರರು ಗಂಧದ ಕೆತ್ತನೆಗೆ ಹೆಸರಾದವರು. ಅವರಿಗೆ ಬೆಂಡಿನ ಕೆಲಸವೂ ಗೊತ್ತು. ನೀರಿನಲ್ಲಿ ಬೆಳೆಯುವ ಬೆಂಡಿನ ಗಿಡದ ಹಗುರ ಬಿಳಿ ತಿರುಳನ್ನು ತೆಳ್ಳಗೆ ಕೊಯ್ದು ಮದುವೆಯ ಬಾಸಿಂಗ ಮಾಡುತ್ತಾರೆ. ಬಾಸಿಂಗವನ್ನು ದುಡ್ಡು ಕೊಟ್ಟೇ ತರುವುದು. ಆದರೆ ಮದುಮಕ್ಕಳ ಹಣೆಗೆ ಕಟ್ಟಿದ ಮೇಲೆ ಅದನ್ನು ಯಾರೂ ಕೊಂಡ ವಸ್ತುವೆಂದು ನೋಡುವುದಿಲ್ಲ. ಮಾಡಿದವರ ಕೈಯಲ್ಲಿ ಅದು ಕಸುಬು, ಕೊಳ್ಳುವಾಗ ಸರಕು, ಹಣೆಯ ಮೇಲೆ ಮಂಗಲ.

ಮಲ್ಲಿಗೆಯೂ ಹಾಗೆಯೇ. ಭಟ್ಕಳದ ಮಲ್ಲಿಗೆಯನ್ನು ನಸುಕಿನಲ್ಲಿ ಮೊಗ್ಗು ಬಿಡಿಸಿ, ಕಟ್ಟಿ, ಅಳೆದು ಮಾರುತ್ತಾರೆ. ಆ ದಂಡೆಯನ್ನು ದೇವರಿಗೆ ಏರಿಸಿದಾಗ 'ಕೊಂಡ ಹೂವು' ಎಂದು ದೇವರು ಬೇಡವೆಂದದ್ದುಂಟೇ? ದಸರೆಯಲ್ಲಿ ಬನ್ನಿ ಎಲೆ ಹಂಚಿ ಬಂಗಾರದ ಹಾಗೆ ಇರೋಣ ಎನ್ನುತ್ತೇವೆ. ಕನ್ನಡನಾಡಿನ ಅತ್ಯಂತ ಸರಳ ಶುಭಾಶಯ ಪತ್ರ ಅದೇ ಇರಬೇಕು. ಅದರಲ್ಲಿ ಅಕ್ಷರವೇ ಇಲ್ಲ! ಪೇಟೆಗಳಲ್ಲಿ ಆ ಎಲೆಯನ್ನೂ ರಾಶಿ ಹಾಕಿ ಮಾರುತ್ತಾರೆ. ಆದರೂ ಕೈಯಿಂದ ಕೈಗೆ ದಾಟುವ ಹೊತ್ತಿಗೆ ಎಲೆ ಬಂಗಾರವೇ ಆಗಿರುತ್ತದೆ.

ಅಂದರೆ ವಸ್ತುವಿಗೆ ಒಂದೇ ಬಾಳಲ್ಲ. ಸಂತೆಯಲ್ಲಿ ಒಂದು ಬಾಳು, ಮನೆಯಲ್ಲಿ ಇನ್ನೊಂದು. ಸಂತೆಯ ಬಾಳು ಮನೆಯ ಬಾಳನ್ನು ಮೈಲಿಗೆ ಮಾಡುವುದಿಲ್ಲ. ಆದರೆ ಎರಡೂ ಬೆರೆತಾಗ, ಮನೆಯಲ್ಲಿ ಹುಟ್ಟಬೇಕಾದದ್ದನ್ನು ಸಂತೆಯಲ್ಲೇ ಹುಟ್ಟಿದ್ದೆಂದು ಮಾರಿದಾಗ, ಇಲ್ಲವೇ ಸಂತೆಯಲ್ಲಿ ಕೊಡಬೇಕಾದದ್ದನ್ನು ಮನೆಯ ಮಾತಾಡಿ ತಪ್ಪಿಸಿದಾಗ ಮೋಸ ಶುರುವಾಗುತ್ತದೆ.

*

ಎರಡನೆಯ ಮೋಸವನ್ನು ಮೊದಲು ನೋಡೋಣ. ಅದು ಹೆಚ್ಚು ನಡೆಯುವಂಥದ್ದು, ಕಣ್ಣಿಗೆ ಕಡಿಮೆ ಬೀಳುವಂಥದ್ದು.

'ಒಂದು ಕಾಗದಕ್ಕೆ 60 ರೂಪಾಯಾ ಮಾರಾಯ್ತಿ? ಮನೆಯಲ್ಲಿ ಕೂತು ಪುರುಸೊತ್ತಿನಲ್ಲಿ ಮಾಡಿದ್ದಲ್ಲವಾ?'

ಈ ಮಾತನ್ನು ಹೇಳುವವರು ಕೆಟ್ಟವರಲ್ಲ. ಎಷ್ಟೋ ಸಲ ಮಾರುವವಳ ಮನೆಯವರೇ ಹೀಗೆ ಹೇಳುತ್ತಾರೆ. ಆದರೂ ಲೆಕ್ಕ ಹಾಕಿ ನೋಡೋಣ. ಒಂದು ಕಾರ್ಡಿಗೆ ದಪ್ಪ ಹಾಳೆ, ಬಣ್ಣ, ಅಂಟು, ಕವರು ಸೇರಿ 18 ರೂಪಾಯಿ ಖರ್ಚು, ಕೆಲಸ ಒಂದೂವರೆ ಗಂಟೆ ಎಂದಿಟ್ಟುಕೊಳ್ಳಿ. 60 ರೂಪಾಯಿಗೆ ಮಾರಿದರೆ ಅವಳಿಗೆ ಉಳಿಯುವುದು 42. ಗಂಟೆಗೆ 28 ರೂಪಾಯಿ, ಎಂಟು ಗಂಟೆ ದುಡಿದರೆ 224. ಕರ್ನಾಟಕದಲ್ಲಿ 2024-25ರ ಉದ್ಯೋಗ ಖಾತರಿಯ ದಿನಗೂಲಿ 349 ರೂಪಾಯಿ ಇತ್ತು. ಆ ದರದಲ್ಲೇ ಲೆಕ್ಕ ಹಿಡಿದರೂ ಕಾರ್ಡಿಗೆ 83 ರೂಪಾಯಿ ಬೀಳಬೇಕು. ಮೇಜಿನ ಬಾಡಿಗೆ, ಬಸ್ಸಿನ ಖರ್ಚು, ಮಾರಾಟವಾಗದೆ ಸುರುಟಿಹೋದ ಕಾರ್ಡುಗಳು ಇದರ ಹೊರಗೆ. ಇನ್ನು ಚೌಕಾಸಿ ಮಾಡಿ 40ಕ್ಕೆ ಇಳಿಸಿದರೆ ಅವಳಿಗೆ ಗಂಟೆಗೆ 15 ರೂಪಾಯಿಯೂ ಉಳಿಯುವುದಿಲ್ಲ.

'ಪುರುಸೊತ್ತು' ಎಂಬ ಪದ ಇಲ್ಲಿ ದೊಡ್ಡ ಕೆಲಸ ಮಾಡುತ್ತದೆ. ಹೆಂಗಸಿನ ಸಮಯಕ್ಕೆ ಬೆಲೆಯಿಲ್ಲ ಎಂದು ಯಾರೂ ನೇರವಾಗಿ ಹೇಳುವುದಿಲ್ಲ. ಅದು ಪುರುಸೊತ್ತಿನ ಸಮಯ ಎಂದರೆ ಸಾಕು, ಸೊನ್ನೆಯಾಗುತ್ತದೆ. ನಿಜ ನೋಡಿದರೆ ಅವಳಿಗೆ ಪುರುಸೊತ್ತು ಎಂಬುದೇ ಇರುವುದಿಲ್ಲ. ಊಟವಾಗಿ, ಪಾತ್ರೆಯಾಗಿ, ಮಕ್ಕಳು ಮಲಗಿದ ಮೇಲೆ ನಿದ್ದೆಯಿಂದ ಕದ್ದ ಸಮಯ ಅದು. ಕಾರ್ಡಿನ ಮೇಲೆ ಬಾಗಿದ ಆ ಕಣ್ಣು ಗಡಿಯಾರವನ್ನೂ ನೋಡುತ್ತಿರುತ್ತದೆ. 'ನಿನ್ನ ಹವ್ಯಾಸ ತಾನೇ, ನಮ್ಮ ಕಾರ್ಯಕ್ರಮಕ್ಕೆ ಇಪ್ಪತ್ತು ಮಾಡಿಕೊಡು' ಎಂದು ಬಿಟ್ಟಿಯಾಗಿ ಕೇಳುವವರೂ ಇದ್ದಾರೆ. ಪ್ರೀತಿಯ ಹೆಸರಿನಲ್ಲಿ ಕೂಲಿ ತಪ್ಪಿಸುವುದು ಎಂದರೆ ಇದೇ.

ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನೂ ದಾಸೋಹವನ್ನೂ ಜೋಡಿಸಿ ಹೇಳಿದರು. ಮೊದಲು ಕಾಯಕ, ಅದರ ಫಲದಿಂದ ದಾಸೋಹ. ಕಾಯಕದ ಫಲವನ್ನೇ ಕಿತ್ತುಕೊಂಡು ದಾಸೋಹ ಮಾಡು ಎಂದರೆ ಅದು ಬಿಟ್ಟಿ ಚಾಕರಿ. ಆಯ್ದಕ್ಕಿ ಲಕ್ಕಮ್ಮನ ಕತೆ ನಿಮಗೆ ಗೊತ್ತಿರುತ್ತದೆ. ಗಂಡ ಮಾರಯ್ಯ ದಿನಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅದು ನಮ್ಮದಲ್ಲ, ಇದ್ದಲ್ಲೇ ಸುರಿದು ಬಾ ಎಂದು ವಾಪಸು ಕಳಿಸಿದವಳು ಆಕೆ. ಹೆಚ್ಚು ತರಬಾರದು ಎಂಬ ಆ ಎಚ್ಚರವನ್ನು ನಾವು ಮಾರುವವರಿಗೆ ಬೋಧಿಸುತ್ತೇವೆ. ತನ್ನ ಪಾಲು ಎಷ್ಟೆಂದು ಅವಳಿಗೆ ಸ್ಪಷ್ಟವಿತ್ತು ಎಂಬುದನ್ನು ಮಾತ್ರ ಮರೆಯುತ್ತೇವೆ. ತನ್ನದಲ್ಲದ್ದನ್ನು ಸುರಿದು ಬರುವ ನಿಷ್ಠುರದಲ್ಲಿ ತನಗೆ ಸಲ್ಲಬೇಕಾದ್ದನ್ನು ಕೇಳುವ ನಿಷ್ಠುರವೂ ಸೇರಿದೆ.

ಆದ್ದರಿಂದ ಮೇಜಿನ ಮೇಲೆ ಬೆಲೆಯನ್ನು ಬರೆದಿಡುವುದು ಒರಟುತನವಲ್ಲ. ಕೆಲವರು ನಾಚಿಕೆಯಿಂದ ಬೆಲೆ ಬರೆಯದೆ, ಕೇಳಿದವರಿಗೆ 'ನಿಮಗೆ ಕಂಡಷ್ಟು ಕೊಡಿ' ಎನ್ನುತ್ತಾರೆ. ಅಲ್ಲಿ ಇಬ್ಬರೂ ಸಂಕಟಕ್ಕೆ ಬೀಳುತ್ತಾರೆ. ಬೆಲೆ ಬರೆದಿಟ್ಟರೆ ಕೊಳ್ಳುವವರಿಗೂ ಗೌರವ, ಬೇಡವೆಂದು ಮುಂದೆ ಹೋಗುವ ಸ್ವಾತಂತ್ರ್ಯವೂ ಅವರದೇ.

*

ಇನ್ನು ಮೊದಲು ಹೇಳಿದ ಮೋಸ. ಮಾರಬಾರದ್ದನ್ನು ಮಾರುವುದು. ಕಾರ್ಡುಗಳ ಹಿಂದೆ ಒಂದು ಬ್ಯಾನರು ಕಟ್ಟಿರುತ್ತದೆ ಎಂದಿಟ್ಟುಕೊಳ್ಳಿ: 'ಬಡ, ಅಸಹಾಯಕ ಮಹಿಳೆಯರು ತಯಾರಿಸಿದ್ದು.' ಅದನ್ನು ಓದಿದವರು ಕಾರ್ಡನ್ನು ನೋಡುವುದಿಲ್ಲ. 'ಪಾಪ' ಎಂದು ಹತ್ತು ಕಾರ್ಡು ಕೊಂಡು ಮನೆಗೊಯ್ದು ಮೂಲೆಗೆ ಹಾಕುತ್ತಾರೆ. ವ್ಯಾಪಾರ ಆಯಿತು, ಹಣವೂ ಬಂತು. ಆದರೆ ನವಿಲಿನ ಕೊರಳನ್ನು ಬಾಗಿಸಿದ ಆ ಜಾಣ ಬೆರಳನ್ನು ಯಾರೂ ಕಾಣಲಿಲ್ಲ. ಮೇಜಿನ ಮೇಲೆ ಇಟ್ಟದ್ದು ಕಾರ್ಡು, ಮಾರಾಟವಾದದ್ದು ಅವಳ ಬಡತನ.

ಜರ್ಮನಿಯ ತತ್ವಜ್ಞಾನಿ ಕಾಂಟ್ 1785ರಲ್ಲಿ ಪ್ರಕಟವಾದ ನೀತಿಯ ಕುರಿತ ಗ್ರಂಥದಲ್ಲಿ ಬೆಲೆಗೂ ಘನತೆಗೂ ಒಂದು ಗೆರೆ ಎಳೆದ. ಯಾವುದರ ಜಾಗದಲ್ಲಿ ಸರಿಸಮನಾದ ಇನ್ನೊಂದನ್ನು ಇಡಬಹುದೋ ಅದಕ್ಕೆ ಬೆಲೆ ಇದೆ. ಯಾವುದರ ಜಾಗದಲ್ಲಿ ಇನ್ನೇನನ್ನೂ ಇಡಲಾಗದೋ ಅದಕ್ಕೆ ಘನತೆ ಇದೆ. ಕಾರ್ಡಿಗೆ ಬೆಲೆ ಕಟ್ಟೋಣ, ಒಂದೂವರೆ ಗಂಟೆಯ ಕೆಲಸಕ್ಕೂ ಕಟ್ಟೋಣ. ಅವಳ ಕಷ್ಟಕ್ಕೆ ಬೆಲೆ ಕಟ್ಟಿ ತೂಗುಹಾಕಿದರೆ ಆ ಗೆರೆಯನ್ನು ದಾಟಿದಂತೆ.

ಇದಕ್ಕೆ ತದ್ವಿರುದ್ಧವಾದ ಒಂದು ಉದಾಹರಣೆ ಕಾರ್ಡುಗಳ ಚರಿತ್ರೆಯಲ್ಲೇ ಇದೆ. ಎರಡನೇ ಮಹಾಯುದ್ಧದ ನಂತರ ಯುನಿಸೆಫ್ ಸಂಸ್ಥೆ ಜೆಕೊಸ್ಲೊವಾಕಿಯಾದ ಮಕ್ಕಳಿಗೆ ನೆರವು ಕೊಟ್ಟಿತು. ಯಿಟ್ಕಾ ಎಂಬ ಏಳು ವರ್ಷದ ಹುಡುಗಿ ಅದಕ್ಕೆ ಪ್ರತಿಯಾಗಿ ಒಂದು ಚಿತ್ರ ಬರೆದಳು. ಹೂಮಾಲೆ ಕಟ್ಟಿದ ಕಂಬದ ಸುತ್ತ ಕುಣಿಯುವ ಮಕ್ಕಳು. 1949ರಲ್ಲಿ ಅದೇ ಯುನಿಸೆಫ್‌ನ ಮೊದಲ ಶುಭಾಶಯ ಪತ್ರವಾಯಿತು. ಆ ಚಿತ್ರದಲ್ಲಿ ಹಸಿವಿಲ್ಲ, ಮುರಿದ ಮನೆಯಿಲ್ಲ. ಸಹಾಯ ಪಡೆದವಳು ತಾನೂ ಏನೋ ಕೊಡಬಲ್ಲೆ ಎಂದು ತೋರಿಸಿದಳು, ಮತ್ತು ಕೊಟ್ಟದ್ದು ತನ್ನ ಸಂತೋಷವನ್ನು. ಮಾಡಿದವರ ಕತೆ ಹೇಳಲೇಬಾರದು ಎಂದಲ್ಲ. ಆ ಕತೆಯಲ್ಲಿ ಅವರು ಏನು ಬಲ್ಲರು ಎಂಬುದಿದೆಯೇ, ಬರೀ ಅವರಿಗೆ ಏನಿಲ್ಲ ಎಂಬುದಿದೆಯೇ ಎಂದು ನೋಡಿಕೊಳ್ಳಬೇಕು.

ಇದರ ಬೆನ್ನಿಗೇ ಹೆಸರಿನ ಪ್ರಶ್ನೆ ಬರುತ್ತದೆ. ನಮ್ಮ ಘಟ್ಟದ ಮೇಲಿನ ಸಾಗರ, ಸೊರಬ, ಸಿದ್ದಾಪುರಗಳ ದೀವರ ಹೆಣ್ಣುಮಕ್ಕಳು ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಪುಂಡಿನಾರಿನ ಕುಂಚ, ಕೂದಲೆಳೆಯಷ್ಟು ಸಪೂರ ಗೆರೆ. ಮದುವೆಯ ಮನೆಯಲ್ಲಿ ಹಾಡಿಕೊಳ್ಳುತ್ತಾ ಬರೆಯುವ ಚಿತ್ರ ಅದು. ಭೂಮಿ ಹುಣ್ಣಿಮೆಯಲ್ಲಿ ಗದ್ದೆಗೆ ಒಯ್ಯುವ ಬುಟ್ಟಿಯ ಮೇಲೂ ಅದು ಅರಳುತ್ತದೆ. ಆ ಗೋಡೆಗೆ ಬೆಲೆಯಿರಲಿಲ್ಲ, ಆ ಬುಟ್ಟಿಯನ್ನು ಯಾರೂ ಮಾರಲಿಲ್ಲ. ಈಗ ಅದೇ ಚಿತ್ತಾರ ಕಾಗದಕ್ಕೆ ಇಳಿದಿದೆ, ಕಾರ್ಡಿಗೂ ಬಂದಿದೆ.

ಇದು ಅಪಚಾರವೇ? ಗೋಡೆಗಳೇ ಸಿಮೆಂಟಿನವಾಗಿ ಡಿಸ್ಟೆಂಪರ್ ಬಳಿದುಕೊಂಡ ಮೇಲೆ, ಚಿತ್ತಾರ ಗೋಡೆಯಲ್ಲೇ ಇರಲಿ ಎಂದು ಹಟ ಹಿಡಿದರೆ ಅದಕ್ಕೆ ಇರಲು ಜಾಗವೇ ಉಳಿಯದು. ಬಲ್ಲವರು ಕಾಗದದ ಮೇಲೆ ಬರೆದು ನಾಲ್ಕು ಕಾಸು ಕಂಡರೆ ಅವರ ಮಗಳೂ ಕುಂಚ ಹಿಡಿದಾಳು. ತಪ್ಪಾಗುವುದು ಬೇರೆ ಕಡೆ. ಯಾರೋ ಆ ವಿನ್ಯಾಸವನ್ನು ಅಚ್ಚು ಹಾಕಿಸಿ 'ಗ್ರಾಮೀಣ ಕಲೆ' ಎಂಬ ಚೀಟಿ ಅಂಟಿಸಿ ಮಾರಿದಾಗ ಸಮುದಾಯದ ಹೆಸರು ಹೋಯಿತು, ಬರೆದ ಕೈಯ ಹೆಸರು ಹೋಯಿತು, ಯಾವ ಗೆರೆ ಯಾವ ಆಶಯದ್ದು ಎಂಬುದೂ ಹೋಯಿತು. ಕಾರ್ಡಿನ ಹಿಂಬದಿಯಲ್ಲಿ ಎರಡು ಸಾಲಿಗೆ ಜಾಗ ಇದ್ದೇ ಇರುತ್ತದೆ. ಚಿತ್ತಾರದ ಹೆಸರು ಒಂದು, ಬರೆದವಳ ಹೆಸರು ಒಂದು. 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ 1952ರಲ್ಲಿ ಶುರುವಾದ ಅಖಿಲ ಭಾರತ ಕರಕುಶಲ ಮಂಡಳಿಯ ಚುಕ್ಕಾಣಿ ಹಿಡಿದು, ಕುಶಲಕರ್ಮಿ ಎಂದರೆ ಅನಾಮಧೇಯ ಕೂಲಿಯಲ್ಲ ಎಂಬುದನ್ನು ದೇಶಕ್ಕೆ ಒಪ್ಪಿಸಲು ಬಾಳು ಸವೆಸಿದರು. ನಮ್ಮ ಮೇಜುಗಳಿಗೆ ಆ ಮಾತು ಇನ್ನೂ ಪೂರ್ತಿ ತಲುಪಿಲ್ಲ.

*

'ಕೈಯಿಂದ ಮಾಡಿದ್ದು' ಎಂಬ ಚೀಟಿಯ ಸತ್ಯದ ಬಗ್ಗೆಯೂ ಒಂದು ಮಾತು. ಸಾಗರದ ಹೆಗ್ಗೋಡಿನ ಬಳಿ ಚರಕ ಸಂಸ್ಥೆಯನ್ನು ಕಟ್ಟಿದ ರಂಗಕರ್ಮಿ ಪ್ರಸನ್ನ 2017ರಲ್ಲಿ ಕೈ ಉತ್ಪನ್ನಗಳಿಗೆ ಜಿಎಸ್‌ಟಿ ಬೇಡವೆಂದು ಉಪವಾಸ ಕುಳಿತರು. ಆಗ ಕೈ ಉತ್ಪನ್ನ ಎಂದರೆ ಯಾವುದು ಎಂಬ ಪ್ರಶ್ನೆಯೂ ಚರ್ಚೆಗೆ ಬಂತು. ಕಾರ್ಡಿನ ಮೇಜಿನಲ್ಲಿ ಅದೇ ಪ್ರಶ್ನೆ ಸಣ್ಣದಾಗಿ ಕಾಣಿಸುತ್ತದೆ. ಹಾಳೆ ಕಾರ್ಖಾನೆಯದು, ಬಣ್ಣ ಕಾರ್ಖಾನೆಯದು. ಹೂವಿನ ಸ್ಟಿಕ್ಕರು ಪೇಟೆಯಲ್ಲಿ ಕೊಂಡದ್ದಾದರೆ? ವಿನ್ಯಾಸ ಮೊಬೈಲಿನಲ್ಲಿ ನೋಡಿ ನಕಲು ಮಾಡಿದ್ದಾದರೆ? ನೂರಕ್ಕೆ ನೂರು ಕೈಯದೇ ಆದ ವಸ್ತು ಲೋಕದಲ್ಲಿ ಸಿಗುವುದು ಕಷ್ಟ, ಅಂಥ ಶುದ್ಧಿಯನ್ನು ಕೇಳುವುದೂ ಬೇಡ. ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳುವುದಕ್ಕೆ ಖರ್ಚಿಲ್ಲ. 'ಚಿತ್ರ ಅಚ್ಚಿನದು, ಬಣ್ಣ ಕೈಯದು' ಎಂದು ಬರೆದರೆ ಕೊಳ್ಳುವವರು ಓಡಿಹೋಗುವುದಿಲ್ಲ. ಹೆನ್ರಿ ಕೋಲನ ಕಾರ್ಡೂ ಅಂಥದ್ದೇ ಆಗಿತ್ತು. ಕೊಳ್ಳುವವರು ಕೊಡುವುದು ಒಬ್ಬರ ಸಮಯದ ಬೆಲೆಯಾದ್ದರಿಂದ, ಆ ಸಮಯ ಎಲ್ಲಿ ಖರ್ಚಾಯಿತು ಎಂದು ತಿಳಿಯುವ ಹಕ್ಕು ಅವರಿಗಿದೆ.

ಹಾಗಾಗಿ ಪ್ಲಾಸ್ಟಿಕ್ ಕವರಿನ ಪ್ರಶ್ನೆಯೂ ಬರೀ ಧೂಳು-ತೇವದ ಪ್ರಶ್ನೆಯಲ್ಲ. ಒಂದು ಸಾಲು ಕಾರ್ಡುಗಳನ್ನಾದರೂ ಬಿಚ್ಚಿಡಬೇಕು. ಎರಡು ಕೊಳೆಯಾದಾವು, ಒಂದು ಹರಿದೀತು. ಆ ನಷ್ಟವನ್ನು ಬೆಲೆಯಲ್ಲಿ ಸೇರಿಸಿದರಾಯಿತು. ತೆರೆದು ನೋಡಲು ಬಿಡದೆ ಕೈಕೆಲಸ ಮಾರುವುದೆಂದರೆ ಹಲಸಿನಹಣ್ಣನ್ನು ವಾಸನೆ ನೋಡಲು ಬಿಡದೆ ಮಾರಿದ ಹಾಗೆ.

*

ತೆರೆದರೆ ಕಾಣುವುದು ಒಳಪುಟ. ಈ ಬರಹ ಶುರುವಾದ ಪ್ರಶ್ನೆಗೆ ಉತ್ತರ ಇರುವುದು ಅಲ್ಲೇ ಎಂದು ನನ್ನ ಎಣಿಕೆ.

ಒಳಪುಟದಲ್ಲಿ ಏನು ಬರೆದಿರಬೇಕು? ಕೆಲವರು ಕವಿತೆಯಂಥ ನಾಲ್ಕು ಸಾಲು ಬರೆದಿರುತ್ತಾರೆ: ನೀನಿಲ್ಲದೆ ನಾನಿಲ್ಲ ಇತ್ಯಾದಿ. ಯಾರ 'ನಾನು' ಅದು, ಯಾರ 'ನೀನು'? ಮಾರುವವಳು ಕೊಳ್ಳುವವನ ಬಾಯಿಗೆ ಮಾತು ಹಾಕಿ ಅದಕ್ಕೂ ಕಾಸು ಪಡೆದಂತಾಯಿತು. ಸಂತೆಯಲ್ಲಿ ಹುಟ್ಟಬಾರದ್ದು ಎಂದು ಆಗ ಹೇಳಿದೆನಲ್ಲ, ಅದು ಈ ಮಾತು. ಹೊರಪುಟದಲ್ಲಿ ಅವಳ ಸಮಯ ಇದೆ, ಅದಕ್ಕೆ ಬೆಲೆ ಸಂದಿದೆ. ಒಳಪುಟ ಕೊಳ್ಳುವವರ ಸಮಯಕ್ಕೆ ಬಿಟ್ಟ ಜಾಗ. ಅದನ್ನು ಖಾಲಿ ಬಿಡುವುದೇ ಮಾರುವವಳ ಪ್ರಾಮಾಣಿಕತೆ ಎಂದು ನನಗೆ ತೋರುತ್ತದೆ. 'ನನ್ನ ಪಾಲು ಇಷ್ಟು, ಇನ್ನುಳಿದದ್ದು ನಿಮ್ಮದು' ಎಂದು ಆ ಬಿಳಿ ಹಾಳೆ ಹೇಳುತ್ತದೆ.

ಇದಕ್ಕೊಂದು ಆಕ್ಷೇಪ ಉಂಟು, ಅದನ್ನು ತಳ್ಳಿಹಾಕುವಂತಿಲ್ಲ. ಎಲ್ಲರಿಗೂ ಬರೆಯಲು ಬರುವುದಿಲ್ಲ. ಮನಸ್ಸು ತುಂಬಿದ್ದೂ ಮಾತು ಸಿಗದವರು ಬಹಳ ಜನ. ಅಚ್ಚಿನ ನಾಲ್ಕು ಸಾಲು ಅವರಿಗೆ ಊರುಗೋಲು. ಹಿಂದೆ ಅಂಚೆಯಣ್ಣನೋ ಮೇಷ್ಟರೋ ಅಕ್ಷರ ಬಾರದವರ ಪತ್ರ ಬರೆದುಕೊಡುತ್ತಿದ್ದರಲ್ಲ, ಆ ಪತ್ರದ ಪ್ರೀತಿ ಸುಳ್ಳಾಗಿತ್ತೇ? ಖಂಡಿತ ಇಲ್ಲ. ಆದರೆ ಒಂದು ವ್ಯತ್ಯಾಸವಿದೆ. ಪತ್ರ ಬರೆಸುವವಳು ಎದುರಿಗೆ ಕೂತು, ಹಸು ಕರು ಹಾಕಿತೆಂದು ಬರೆಯಿರಿ, ತೋಟದ ಬಾವಿ ಬತ್ತಿತೆಂದು ಬರೆಯಿರಿ ಎಂದು ಹೇಳುತ್ತಿದ್ದಳು. ಅಕ್ಷರ ಮೇಷ್ಟರದ್ದು, ಕರು ಅವಳದ್ದೇ. ಅಚ್ಚಿನ ಸಾಲಿನಲ್ಲಿ ಯಾರ ಮನೆಯ ಕರುವೂ ಇರುವುದಿಲ್ಲ. ಅದರಡಿ ನಮ್ಮದೇ ಒಂದು ಸಾಲು ಸೇರಿಸಿದರೆ ಸಾಕು, ಊರುಗೋಲು ಊರುಗೋಲಾಗಿಯೇ ಉಳಿಯುತ್ತದೆ, ಕಾಲಿನ ಜಾಗಕ್ಕೆ ಬರುವುದಿಲ್ಲ.

ಇಲ್ಲಿಗೆ ಕೊಳ್ಳುವವರ ಹೊಣೆಯೂ ಬಂತು. ಕೈಯಿಂದ ಮಾಡಿದ ದುಬಾರಿ ಕಾರ್ಡು ಕೊಂಡು, ಒಳಗೆ ಹೆಸರೂ ಬರೆಯದೆ ಕವರಿಗೆ ಹಾಕಿ ಕೊಡುವವರು ಇದ್ದಾರೆ. ಇನ್ನೊಬ್ಬಳ ಒಂದೂವರೆ ಗಂಟೆಯನ್ನು ತಮ್ಮದೆಂದು ದಾಟಿಸುವ ಬಗೆ ಅದು. ಪಡೆದವರು ಕಾರ್ಡು ಚೆಂದ ಇದೆ ಎನ್ನುತ್ತಾರೆ. ಆ ಮೆಚ್ಚುಗೆ ಕುಮಟೆಯಲ್ಲೋ ಭಟ್ಕಳದಲ್ಲೋ ಇರುವ ಆ ಅಪರಿಚಿತಳಿಗೆ ಸಲ್ಲಬೇಕಾದದ್ದು. ಕೊಟ್ಟವರ ಪಾಲು ಅದರಲ್ಲಿ 60 ರೂಪಾಯಿ ಮಾತ್ರ. ಬೇರೆಯವರ ಸಮಯವನ್ನು ಕೊಳ್ಳಬಹುದು. ಆದರೆ ಅದನ್ನು ನಮ್ಮ ಸಮಯದ ಬದಲಿಗೆ ಕೊಡಲಾಗದು. ಜೊತೆಗೆ ಕೊಡಬಹುದು, ಅಷ್ಟೇ.

ಮೇಳದಲ್ಲಿ ಕಾರ್ಡುಗಳ ಮೇಜು ಹಾಕುವ ವಿದ್ಯಾರ್ಥಿಗಳು ಈ ಪತ್ರಿಕೆಯ ಓದುಗರಲ್ಲೂ ಇದ್ದಾರು. ಬೆಲೆ ಬರೆದಿಡಿ, ಲೆಕ್ಕ ಹಾಕಿಯೇ ಬರೆಯಿರಿ. ಹಿಂಬದಿಯಲ್ಲಿ ನಿಮ್ಮ ಹೆಸರಿರಲಿ, ಚಿತ್ರ ಯಾರ ಪರಂಪರೆಯದೋ ಅವರ ಹೆಸರೂ ಇರಲಿ. ಒಂದಷ್ಟನ್ನಾದರೂ ಕವರು ಬಿಚ್ಚಿ ಇಡಿ. ಒಳಪುಟ ಖಾಲಿ ಬಿಡಿ. ಮತ್ತೆ ಮೇಜಿನ ತುದಿಯಲ್ಲಿ, ಹಾರಿಹೋಗದಂತೆ ದಾರ ಕಟ್ಟಿ, ಒಂದು ಪೆನ್ನು ಇಟ್ಟಿರಿ. ಕಾರ್ಡು ಕೊಂಡವರಲ್ಲಿ ಒಬ್ಬರಾದರೂ ಅಲ್ಲೇ ನಿಂತು ಏನು ಬರೆಯಲಿ ಎಂದು ಯೋಚಿಸುತ್ತಾ ಅದನ್ನು ಕೈಗೆತ್ತಿಕೊಂಡಾರು.